ಮೊದಲು ಮಳೆನೀರು, ಆಮೇಲೆ ಹೂಜಿಗಿಡ

ಕೀಟ ಹಿಡಿದು ಜೀರ್ಣಿಸಿಕೊಳ್ಳುವ ಗಿಡಗಳು ಈಗ ವಿಜ್ಞಾನದ ಪಠ್ಯಪುಸ್ತಕಕ್ಕೆ ಸೀಮಿತವಾಗಿಲ್ಲ. ದೊಡ್ಡ ನಗರಗಳ ನರ್ಸರಿಗಳಲ್ಲಿ ಅವು ಕುಂಡದಲ್ಲೇ ಸಿಗುತ್ತವೆ. ಮೊಬೈಲಿನಲ್ಲಿ ತರಿಸಿದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಬಾಗಿಲಿಗೂ ಕೊರಿಯರ್‌ನಲ್ಲಿ ಬರುತ್ತವೆ. ಹಾಗೆ ಬಂದ ಗಿಡ ಮೊದಲ ಬೇಸಿಗೆ ದಾಟದೆ ಹೋದರೆ ದೂರೆಲ್ಲ ಬಿಸಿಲಿನ ಮೇಲೆ ಬೀಳುತ್ತದೆ. ‘ನಮ್ಮ ಕಡೆ ಇವು ಬದುಕೋದಿಲ್ಲ ಬಿಡ್ರಿ’ ಎಂಬ ತೀರ್ಮಾನ ಗಟ್ಟಿಯಾಗುತ್ತದೆ. ಆದರೆ ಈ ಗಿಡಗಳ ದೇಹಧರ್ಮವನ್ನೂ ಈ ಸೀಮೆಯ ನೆಲ-ನೀರನ್ನೂ ಜೋಡಿಸಿ ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಬಿಸಿಲನ್ನು ಸಹಿಸುವ ಜಾತಿಗಳು ಬೇಕಾದಷ್ಟಿವೆ. ಉಪ್ಪುನೀರನ್ನು ಸಹಿಸುವಂಥವು ಅವುಗಳಲ್ಲಿ ತೀರ ವಿರಳ. ಆದ್ದರಿಂದ ಗೋಕಾಕ ಸೀಮೆಯ ಮೇಲವಂಕಿಯಂಥ ಊರಿನ ಅಂಗಳದಲ್ಲಿ ಕೀಟಾಹಾರಿ ಗಿಡ ಬೆಳೆಸಬೇಕೆನ್ನುವವರು ಮೊದಲು ಮಳೆನೀರು ಹಿಡಿಯುವ ಡ್ರಮ್ ಇಡಬೇಕು, ಗಿಡದ ಆಯ್ಕೆ ಆಮೇಲೆ.

ಈ ಗಿಡಗಳು ಕೀಟ ತಿನ್ನುವುದು ಚಪಲಕ್ಕಲ್ಲ, ಬಡತನಕ್ಕೆ. ಸಾರಜನಕ, ರಂಜಕಗಳು ಮಳೆಯಲ್ಲಿ ತೊಳೆದುಹೋದ ಜೌಗು, ಮರಳು, ಕಲ್ಲುಹಾಸುಗಳ ಮೇಲೆ ಅವು ವಿಕಾಸಗೊಂಡವು. ಬೇರಿನಿಂದ ಸಿಗದ ಪೋಷಕಾಂಶವನ್ನು ಎಲೆಯಿಂದ ಪಡೆಯುವುದನ್ನು ಕಲಿತವು. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಇವುಗಳ ಕುರಿತೇ ಒಂದು ಇಡೀ ಗ್ರಂಥ ಬರೆದ. ಮೂರು ವರ್ಷಗಳ ನಂತರ ಅವನ ಮಗ ಫ್ರಾನ್ಸಿಸ್, ಎಲೆಯ ಅಂಟುಕೂದಲುಗಳಿಂದ ಕೀಟ ಹಿಡಿಯುವ ಡ್ರಾಸೆರಾ ಗಿಡಗಳಲ್ಲಿ ಆಹಾರ ಕೊಟ್ಟವು ಕೊಡದವುಗಳಿಗಿಂತ ಹೆಚ್ಚು ಹೂವು, ಹೆಚ್ಚು ಬೀಜ ಬಿಡುತ್ತವೆಂದು ಪ್ರಯೋಗದಿಂದ ತೋರಿಸಿದ. ಈ ಹೊಂದಾಣಿಕೆಗೆ ಇನ್ನೊಂದು ಮುಖವಿದೆ. ಸತ್ತ್ವವಿಲ್ಲದ ನೆಲಕ್ಕೆ ಒಗ್ಗಿದ ಬೇರುಗಳು ಸತ್ತ್ವವನ್ನೂ ತಡೆಯಲಾರವು, ಉಪ್ಪನ್ನೂ ತಡೆಯಲಾರವು. ಗೊಬ್ಬರ ಹಾಕಿದ ಮಣ್ಣು, ಕ್ಯಾಲ್ಸಿಯಂ ತುಂಬಿದ ಗಡುಸು ನೀರು ಅವಕ್ಕೆ ನಿಧಾನವಾದ ವಿಷ. ಕಬ್ಬಿಗೆ ಹಿತವಾದ ನೆಲ ಡ್ರಾಸೆರಾಕ್ಕೆ ಅಹಿತವಾಗುವುದು ಇಲ್ಲಿಂದಲೇ.

ಗೋಕಾಕ ಸೀಮೆಯ ನೆಲದಡಿ ಏನಿದೆ ಎಂಬುದು ಈ ವಾದಕ್ಕೆ ಮುಖ್ಯ. ಘಟಪ್ರಭಾ ಧುಮ್ಮಿಕ್ಕುವ ಬಂಡೆ ಕಲಾದಗಿ ಶ್ರೇಣಿಯ ಮರಳುಗಲ್ಲು. ಅದೇ ಶ್ರೇಣಿಯಲ್ಲಿ ಸುಣ್ಣಕಲ್ಲೂ ಇದೆ. ಯಾದವಾಡದಲ್ಲಿ ಸಿಮೆಂಟ್ ಕಾರ್ಖಾನೆ ತಲೆಯೆತ್ತಿದ್ದು ಆ ಸುಣ್ಣಕಲ್ಲಿನ ಬಲದಿಂದ. ಬಯಲಿನ ಎರೆಮಣ್ಣಿನಲ್ಲೂ ಸುಣ್ಣದ ಹರಳುಗಳಿರುತ್ತವೆ. ಇಂಥ ನೆಲದಲ್ಲಿ ಇಂಗಿ ಬಂದ ಬೋರ್‌ವೆಲ್ ನೀರು ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುವುದು ಅಡುಗೆಮನೆಯಲ್ಲಿ ದಿನವೂ ಕಾಣುವ ಸಂಗತಿ. ಹಿಡಕಲ್ ಜಲಾಶಯದ ಕಾಲುವೆಯ ಅಚ್ಚುಕಟ್ಟಿನಲ್ಲಿ ಅತಿಯಾಗಿ ನೀರುಣಿಸಿದ ಹೊಲಗಳು ಸವಳು-ಜವಳಾದ ಕಷ್ಟವನ್ನು ರೈತರು ಬಲ್ಲರು: ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತ ಹೋಗುತ್ತದೆ. ಸದಾ ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಕುಂಡದಲ್ಲಿ ನಡೆಯುವುದೂ ಅದೇ ಕ್ರಿಯೆ, ಆದರೆ ವರ್ಷಗಳ ಬದಲು ವಾರಗಳಲ್ಲಿ. ಬೇಸಿಗೆಯಲ್ಲಿ ಆವಿಯಾಗುವ ವೇಗ ಹೆಚ್ಚುವುದರಿಂದ ಉಪ್ಪೂ ಬೇಗ ಶೇಖರವಾಗುತ್ತದೆ. ಗಿಡ ಸಾಯುವುದು ಏಪ್ರಿಲ್‌ನಲ್ಲಾದ್ದರಿಂದ ಬಿಸಿಲು ಕೊಂದಿತು ಅನ್ನಿಸುವುದು ಸಹಜ.

ಮಳೆ ಕಡಿಮೆ ಇರುವ ಸೀಮೆಯಲ್ಲಿ ಮಳೆನೀರನ್ನೇ ನಂಬುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹಾಕಿ ನೋಡೋಣ. ಇಲ್ಲಿ ವರ್ಷದ ಮಳೆಯನ್ನು 500 ಮಿಲಿಮೀಟರ್ ಎಂದು ಬಿಗಿಯಾಗಿಯೇ ಹಿಡಿದರೂ 10 ಚದರ ಮೀಟರಿನ ತಗಡಿನ ಮಾಡಿನ ಮೇಲೆ ಬೀಳುವುದು 5,000 ಲೀಟರ್. ಐದನೇ ಒಂದು ಪಾಲು ಸೋರಿಹೋಯಿತೆಂದರೂ 4,000 ಲೀಟರ್ ಕೈಗೆ ಸಿಗುತ್ತದೆ. ಒಂದಡಿ ಅಗಲ, ಎರಡಡಿ ಉದ್ದದ ತಟ್ಟೆಯಲ್ಲಿ ಹತ್ತಾರು ಸಣ್ಣ ಕುಂಡ ಹಿಡಿಸುತ್ತವೆ. ಒಣದಿನಗಳಲ್ಲಿ ಅದು ದಿನಕ್ಕೆ ಸರಾಸರಿ ಒಂದೂವರೆ ಲೀಟರ್ ಕುಡಿದರೂ ನವೆಂಬರಿನಿಂದ ಮೇ ಕೊನೆಯವರೆಗೆ ಬೇಕಾಗುವುದು ಸುಮಾರು 320 ಲೀಟರ್. ಎಂದರೆ 200 ಲೀಟರಿನ ಎರಡು ಡ್ರಮ್ ಸಾಕು. ಮಿರಗದ ಮೊದಲ ಹದಮಳೆಗೆ ಮಾಡಿನ ಧೂಳು ತೊಳೆದುಹೋಗಲಿ, ಆಮೇಲಿನ ನೀರು ಹಿಡಿಯಬೇಕು. ಬೇಸಿಗೆಯ ಶೇಖರಣೆಗೆ ಹಿಂಗಾರಿನ ಮಳೆ ಅನುಕೂಲ. ಸಿಮೆಂಟ್ ಶೀಟು, ಕಾಂಕ್ರೀಟ್ ಮಾಳಿಗೆಯಿಂದ ಸುಣ್ಣ ಬಿಡುತ್ತದೆ, ತಗಡು ಅಥವಾ ಹಂಚಿನ ಮಾಡು ಮೇಲು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಆಗದೇ ಎಂದರೆ, ಆಗಬಹುದು, ಆದರೆ ಅಳೆಯದೆ ನಂಬಬಾರದು. ನೀರಿನಲ್ಲಿ ಕರಗಿದ ಲವಣಾಂಶವನ್ನು (ಟಿಡಿಎಸ್) ಅಳೆಯುವ ಪುಟ್ಟ ಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅಂಕಿ 50ರೊಳಗಿದ್ದರೆ ನಿಶ್ಚಿಂತೆ, 100ರ ಹತ್ತಿರ ಬಂದರೆ ಎಚ್ಚರಿಕೆ, ಅದನ್ನು ದಾಟಿದರೆ ಆ ನೀರು ಬೇಡ.

ನೀರಿನ ನಿಯಮವೇ ಮಣ್ಣಿಗೂ ಅನ್ವಯಿಸುತ್ತದೆ. ಎರೆಮಣ್ಣು, ಮಸಾರಿ, ಎರೆಹುಳು ಗೊಬ್ಬರ, ನರ್ಸರಿಯ ‘ಪಾಟಿಂಗ್ ಮಿಕ್ಸ್’ ಯಾವುದೂ ಸಲ್ಲದು. ಸ್ಫ್ಯಾಗ್ನಮ್ ಪಾಚಿ, ಅಥವಾ ಪೀಟ್‌ಗೆ ಪರ್ಲೈಟ್ ಬೆರೆಸಿದ ಮಿಶ್ರಣ ರೂಢಿಯಲ್ಲಿದೆ. ನಮ್ಮಲ್ಲಿ ಅಗ್ಗವಾಗಿ ಸಿಗುವ ಕೊಕೊಪೀಟ್ ಬಳಸುವುದಾದರೆ ಮಳೆನೀರಿನಲ್ಲಿ ಹಲವು ಸಲ ನೆನೆಸಿ ಹಿಂಡಬೇಕು, ಏಕೆಂದರೆ ತೆಂಗಿನ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಮರಳು ಬೆರೆಸುವ ಮುನ್ನ ಒಂದು ಚಿಟಿಕೆಯ ಮೇಲೆ ಲಿಂಬೆರಸ ಹಿಂಡಿ ನೋಡಿ: ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ. ಸಿಮೆಂಟ್ ಮತ್ತು ಮಣ್ಣಿನ ಕುಂಡಗಳಿಗಿಂತ ಪ್ಲಾಸ್ಟಿಕ್ ಕುಂಡ ಇಲ್ಲಿ ಒಳಿತು.

ಇಷ್ಟಾದ ಮೇಲೆ ಗಿಡದ ಆಯ್ಕೆ. ಅಂದಕ್ಕಿಂತ ಮೊದಲು ತವರನ್ನು ಕೇಳಬೇಕು. ಡ್ರಾಸೆರಾ ಇಂಡಿಕಾ ಮತ್ತು ಡ್ರಾಸೆರಾ ಬರ್ಮನಿ ಭಾರತದವೇ. ಮಳೆಯೊಡನೆ ಹುಟ್ಟಿ, ಬೀಜ ಉದುರಿಸಿ, ಒಣಗುವುದು ಅವುಗಳ ಸ್ವಭಾವ. ಬಿಸಿಲು ಅವಕ್ಕೆ ಹೊಸದಲ್ಲ, ಬೀಜ ಅದೇ ಕುಂಡದಲ್ಲಿ ಮತ್ತೆ ಮೊಳೆಯುತ್ತದೆ. ಬರ್ಮನಿಯ ಅಂಚಿನ ಕೂದಲುಗಳು ಕೀಟ ತಗಲಿದ ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಮಡಚುವುದನ್ನು ಬರಿಗಣ್ಣಿನಿಂದ ನೋಡಬಹುದು. ಬಹುವಾರ್ಷಿಕ ಬೇಕೆಂದರೆ ಡ್ರಾಸೆರಾ ಸ್ಪ್ಯಾಥುಲೇಟಾ ಇದೆ. ಎಲ್ಲೆಡೆ ಸುಲಭವೆಂದು ಮಾರುವ ಡ್ರಾಸೆರಾ ಕೇಪೆನ್ಸಿಸ್ ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯದು. 38 ಡಿಗ್ರಿ ದಾಟುವ ನಮ್ಮ ಮಧ್ಯಾಹ್ನಗಳಲ್ಲಿ ಅದು ಬಳಲುತ್ತದೆ. ಹೂಜಿಗಿಡಗಳಲ್ಲಿ ತಗ್ಗುನಾಡಿನವು, ಬೆಟ್ಟದವು ಎಂಬ ಎರಡು ಗುಂಪುಗಳಿವೆ. ನೆಪೆಂಥಿಸ್ ಮಿರಾಬಿಲಿಸ್, ರಾಫ್ಲೀಸಿಯಾನಾ, ಆಂಪುಲೇರಿಯಾ ಮೊದಲ ಗುಂಪಿನವು; ತಂಪಾದ ರಾತ್ರಿ ಬೇಡುವ ಬೋರ್ನಿಯೋದ ಎತ್ತರದ ನೆಪೆಂಥಿಸ್ ರಾಜಾ ಎರಡನೆಯದು. ಹೊಸಬರಿಗೆ ‘ವೆಂಟ್ರಾಟಾ’ ಎಂಬ ಮಿಶ್ರತಳಿ ಒಳ್ಳೆಯ ಆರಂಭ. ಹೂಜಿಗಿಡಕ್ಕೆ ಮಾತ್ರ ನೀರಿನ ತಟ್ಟೆ ಬೇಡ. ಬೇರಿಗೆ ಗಾಳಿ ಬೇಕು, ಮಿಶ್ರಣ ತೇವವಿದ್ದರೆ ಸಾಕು. ಮಾರ್ಚ್‌ನಿಂದ ಮೇವರೆಗಿನ ಒಣಗಾಳಿಯಲ್ಲಿ ಅದು ಹೂಜಿ ಬಿಡದಿರಬಹುದು. ಎಲೆ ಹಸಿರಾಗಿದ್ದರೆ ಹೆದರಬೇಕಿಲ್ಲ, ತೇವ ಮರಳಿದಾಗ ಹೂಜಿಗಳೂ ಬರುತ್ತವೆ. ಶೇಕಡ 50ರ ನೆರಳುಬಲೆ, ಮುಂಜಾನೆಯ ಬಿಸಿಲು ಅದಕ್ಕೆ ಹಿತ.

ವೀನಸ್ ಫ್ಲೈಟ್ರ್ಯಾಪ್ ಬಿಟ್ಟು ಇದೆಲ್ಲ ಏಕೆ ಎಂದು ಕೇಳುವವರೇ ಹೆಚ್ಚು. ಅದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳ ಕರಾವಳಿ ಬಯಲು. ಬೇಸಿಗೆ ಅಲ್ಲಿಯೂ ಬಿಸಿಯೇ, ಆದ್ದರಿಂದ ಮುಖ್ಯ ಅಡ್ಡಿ ನಮ್ಮ ಬೇಸಿಗೆಯಲ್ಲ, ನಮ್ಮ ಚಳಿಗಾಲ. ವರ್ಷಕ್ಕೆ ಮೂರು-ನಾಲ್ಕು ತಿಂಗಳ ತಣ್ಣನೆಯ ವಿಶ್ರಾಂತಿ ಆ ಗಿಡಕ್ಕೆ ಬೇಕು, ಗೋಕಾಕದ ಡಿಸೆಂಬರ್ ಅಷ್ಟು ತಂಪಲ್ಲ. ಬೆಂಗಳೂರಿನಲ್ಲಿ ಬೆಳೆಯುವುದಿಲ್ಲವೇ ಎಂಬ ಉದಾಹರಣೆ ಇಲ್ಲಿಗೆ ಪೂರ್ತಿ ಒಪ್ಪದು. ಆ ನಗರ 900 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ಬೇಸಿಗೆಯೂ ಮೆತ್ತಗೆ. ಒಂದೆರಡು ವರ್ಷ ಇಲ್ಲಿಯೂ ಬಾಳೀತು, ವಿಶ್ರಾಂತಿ ಸಿಗದೆ ಕ್ರಮೇಣ ಸೊರಗೀತು. ಆಸೆ ಅದುಮಿಡಲಾಗದಿದ್ದರೆ ಎರಡನೆಯ ಗಿಡವಾಗಿ ತರಬಹುದು, ಮೊದಲನೆಯದಾಗಿ ಬೇಡ.

ಕೊಳ್ಳುವ ಕಾಲವೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಏಪ್ರಿಲ್‌ನಲ್ಲಿ ಕೊರಿಯರ್ ಪೆಟ್ಟಿಗೆಯೊಳಗೆ ಎರಡು-ಮೂರು ದಿನ ಬೆಂದ ಗಿಡಕ್ಕೆ ಚೇತರಿಕೆ ಕಷ್ಟ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ತರಿಸಿದರೆ ಅದು ತೇವಗಾಳಿಯಲ್ಲಿ ಬೇರೂರಿ ಬೇಸಿಗೆಗೆ ಸಿದ್ಧವಾಗುತ್ತದೆ. ಅಂಗಾಂಶ ಕೃಷಿಯ ಸೀಸೆಯಿಂದ ಆಗಷ್ಟೇ ತೆಗೆದ ಸಸಿಗಿಂತ ಕುಂಡದಲ್ಲಿ ಕೆಲವು ತಿಂಗಳು ಹೊರಗಾಳಿಗೆ ಒಗ್ಗಿದ ಗಿಡವನ್ನೇ ಕೇಳಬೇಕು. ನೋಡಬೇಕಾದದ್ದು ನಡುವಿನ ಹೊಸ ಚಿಗುರನ್ನು. ಹಳೆಯ ಹೂಜಿ ಒಣಗಿದ್ದರೆ ದೋಷವಲ್ಲ. ನೀಲಿ, ಕಾಮನಬಿಲ್ಲಿನ ಬಣ್ಣದ ಫ್ಲೈಟ್ರ್ಯಾಪ್ ಬೀಜಗಳೆಂದು ಮಾರುವುದು ಮೋಸ, ಅಂಥ ಗಿಡಗಳೇ ಇಲ್ಲ. ನಿಜವಾದ ಬೀಜವಾದರೂ ಫ್ಲೈಟ್ರ್ಯಾಪ್ ಬೆಳೆದು ನಿಲ್ಲಲು ಮೂರು-ನಾಲ್ಕು ವರ್ಷ ಬೇಕು. ನೆಪೆಂಥಿಸ್ ಬೀಜ ಹಳತಾದಂತೆ ಬೇಗ ಸತ್ತ್ವ ಕಳೆದುಕೊಳ್ಳುತ್ತದೆ. ಕಾನೂನಿನ ಮಾತೂ ಇದೆ. ಮೇಘಾಲಯದ ನೆಪೆಂಥಿಸ್ ಖಾಸಿಯಾನಾ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಸಸ್ಯಗಳಲ್ಲೊಂದು. ಪರವಾನಗಿಯಿಲ್ಲದೆ ಅದನ್ನು ಬೆಳೆಸುವುದೂ ಮಾರುವುದೂ ನಿಷಿದ್ಧ. ಯಾವ ಗಿಡವಾದರೂ ಅದು ನರ್ಸರಿಯಲ್ಲಿ ಹುಟ್ಟಿದ್ದೇ, ಕಾಡಿನಿಂದ ಕಿತ್ತದ್ದೇ ಎಂದು ಕೇಳುವುದು ಕೊಳ್ಳುವವರ ಹಕ್ಕು, ಕರ್ತವ್ಯವೂ ಹೌದು.

ಸೊಳ್ಳೆ ಕಾಟಕ್ಕೆ ಇವು ಮದ್ದೆಂದು ನಂಬಿ ಕೊಳ್ಳುವವರಿಗೆ ನಿರಾಸೆಯೇ ಗತಿ. ಹೂಜಿಗೆ ಬೀಳುವುದರಲ್ಲಿ ಇರುವೆಗಳದೇ ದೊಡ್ಡ ಪಾಲು. ಅಷ್ಟೇ ಅಲ್ಲ, ನಿಂತ ನೀರಿನ ತಟ್ಟೆ ತಾನೇ ಸೊಳ್ಳೆಯ ತೊಟ್ಟಿಲಾದೀತು. ವಾರಕ್ಕೊಮ್ಮೆ ತಟ್ಟೆ ಬರಿದು ಮಾಡಿ ಒರೆಸುವುದು, ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿಯುವುದು ತಪ್ಪಬಾರದು.

ಹಾಗಾದರೆ ಇಷ್ಟು ಪಾಡು ಏಕೆ? ಇದೇ ಜಿಲ್ಲೆಯ ಪಶ್ಚಿಮದ ಸಹ್ಯಾದ್ರಿ ಅಂಚಿನಲ್ಲಿ ಈ ಬಳಗದ ಕಾಡುಸಂಬಂಧಿಗಳಿವೆ. ಮಳೆಗಾಲದಲ್ಲಿ ತೊಯ್ದ ಜಂಬಿಟ್ಟಿಗೆಯ ಹಾಸಿನ ಮೇಲೆ ಯುಟ್ರಿಕ್ಯುಲೇರಿಯಾಗಳು ನೇರಳೆ ಹೂ ಹರಡುತ್ತವೆ. ಅವುಗಳ ಪುಟ್ಟ ಚೀಲಗಳು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಬೇಟೆಯನ್ನು ಒಳಗೆಳೆಯುತ್ತವೆ. ಆ ಹಾಸುಗಳನ್ನು ಬಂಜರೆಂದು ಬಗೆದು ಅಗೆಯುವುದೂ, ಅಪರೂಪವೆಂದು ಗಿಡ ಕಿತ್ತು ತರುವುದೂ ಒಂದೇ ಬಗೆಯ ಹಾನಿ. ಬಡ ನೆಲಕ್ಕೂ ತನ್ನದೇ ಸಂಪತ್ತಿದೆ ಎಂಬುದನ್ನು, ಗೊಬ್ಬರವಿಲ್ಲದೆ ಮಳೆನೀರಿನಿಂದಷ್ಟೇ ಬಾಳುವ ಒಂದು ಕುಂಡ ಮಕ್ಕಳಿಗೆ ಪುಸ್ತಕಕ್ಕಿಂತ ಸ್ಪಷ್ಟವಾಗಿ ಕಲಿಸಬಲ್ಲದು. ಅರಭಾವಿಯ ತೋಟಗಾರಿಕೆ ಕಾಲೇಜು ಈ ಸೀಮೆಯಲ್ಲೇ ಇದೆ. ಇಲ್ಲಿಯ ಶಾಲೆಗಳು ತಗಡಿನ ಮಾಡಿನ ನೀರು ಹಿಡಿದು, ಅಂಥ ಕಡೆಯ ತಿಳಿವಳಿಕೆ ಪಡೆದು, ಡ್ರಾಸೆರಾದ ಒಂದು ತಟ್ಟೆಯಿಂದ ಆರಂಭಿಸಬಹುದು. ಖರ್ಚಿನ ಪಟ್ಟಿಯಲ್ಲಿ ಮೊದಲ ಹೆಸರು ಡ್ರಮ್ಮಿನದು, ಎರಡನೆಯದು ಮೀಟರಿನದು, ಗಿಡದ್ದು ಕೊನೆಯದು. ಈ ಕ್ರಮವನ್ನು ಪಾಲಿಸಿದವರಿಗೆ ಬಿಸಿಲನ್ನು ದೂರುವ ಸಂದರ್ಭ ಕಡಿಮೆ ಬರುತ್ತದೆ.