ಸಸಿಗೊಂದು ಗೂಡು

ಬೆಳಕನ್ನು ದುಡ್ಡು ಕೊಟ್ಟು ಕೊಳ್ಳಬೇಕೆಂದು ಯಾರಾದರೂ ಹೇಳಿದರೆ ಚಳ್ಳಕೆರೆಯವರೂ ಮೊಳಕಾಲ್ಮುರಿನವರೂ ನಕ್ಕುಬಿಟ್ಟಾರು. ಮುಂಗಾರಿನ ಮೋಡಗಳು ಸಹ್ಯಾದ್ರಿಯಲ್ಲಿಯೇ ತಮ್ಮ ಹೊರೆಯನ್ನಿಳಿಸಿ ಬರಿಗೈಯಲ್ಲಿ ಇತ್ತ ಸಾಗಿಬರುತ್ತವೆ. ಈ ಸೀಮೆಗೆ ವರ್ಷಕ್ಕೆ ದಕ್ಕುವ ಮಳೆ ಸುಮಾರು 50 ಸೆಂಟಿಮೀಟರು; ಬಿಸಿಲಿಗೆ ಮಾತ್ರ ಎಂದೂ ಬರವಿಲ್ಲ. ಇಂತಹ ನಾಡಿನಲ್ಲಿ ಮನೆಯ ಮೂಲೆಯೊಂದರಲ್ಲಿ ಬಟ್ಟೆಯ ಗುಡಾರ ಹೂಡಿ, ಅದರೊಳಗೆ ದೀಪವನ್ನು ತೂಗುಹಾಕಿ, ಕೊತ್ತಂಬರಿ ಬೆಳೆಯುವ ಮಾತು ಹುಚ್ಚಿನಂತೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಗಿಡಕ್ಕೆ ಬೇಕಾದುದು ಬೆಳಕೊಂದೇ ಅಲ್ಲ. ಚೈತ್ರಮಾಸದಲ್ಲಿ ಇಲ್ಲಿಯ ಹಿತ್ತಲಿನಲ್ಲಿ ಮೆಂತ್ಯ ಬಿತ್ತಿ ನೋಡಿದವರು ಇದನ್ನು ಬಲ್ಲರು. ಬೀಜವೇನೋ ಮೊಳೆಯುತ್ತದೆ, ಎರಡೆಲೆಯನ್ನೂ ಬಿಡುತ್ತದೆ. ಮೂರನೆಯ ಎಲೆಯ ಹೊತ್ತಿಗೆ ಒಣಗಾಳಿ ಬೀಸಿ ಎಲ್ಲವೂ ಹೊಟ್ಟಾಗುತ್ತದೆ. ಎಲೆಯ ಸೂಕ್ಷ್ಮರಂಧ್ರಗಳಿಂದ ನೀರು ಸದಾ ಆವಿಯಾಗಿ ಹೋಗುತ್ತಿರುತ್ತದೆ. ಸುತ್ತಣ ಗಾಳಿ ಒಣಗಿದಷ್ಟೂ ಈ ಸೆಳೆತ ಹೆಚ್ಚು. ಎಳೆಯ ಬೇರು ಆ ಬೇಡಿಕೆಯನ್ನು ಪೂರೈಸಲಾರದೆ ಸೋಲುತ್ತದೆ. ನಮ್ಮ ಸಸಿಗಳು ಸಾಯುವುದು ಬೆಳಕಿಲ್ಲದೆ ಅಲ್ಲ, ಗಾಳಿಯ ಬಾಯಾರಿಕೆಗೆ ಬಲಿಯಾಗಿ. ಚಳಿದೇಶದವನು ಬೆಳಕನ್ನು ಒಳತರಲೆಂದು ಗುಡಾರ ಹೂಡುತ್ತಾನೆ. ನಾವು ಹೂಡುವುದಾದರೆ ಒಣಗಾಳಿಯನ್ನು ಹೊರಗಿಡಲೆಂದು ಹೂಡಬೇಕು.

ಈ ಉಪಾಯ ಹೊಸದೇನೂ ಅಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತ ಮುಚ್ಚಿದ ಗಾಜಿನ ಸೀಸೆಯೊಂದರಲ್ಲಿ ಪತಂಗದ ಕೋಶವನ್ನಿಟ್ಟಿದ್ದ. ಅದರಲ್ಲಿದ್ದ ಹಸಿಮಣ್ಣಿನಿಂದ ಜರೀಗಿಡವೊಂದು ತಾನಾಗಿ ಚಿಗುರಿತು. ಊರ ಹೊಗೆಯಲ್ಲಿ ಬದುಕದೆ ಹೋಗುತ್ತಿದ್ದ ಗಿಡ ಸೀಸೆಯ ತೇವದಲ್ಲಿ ನೆಮ್ಮದಿಯಿಂದ ಬಾಳಿತು. ಮುಂದೆ ಅವನು ಮಾಡಿಸಿದ ಗಾಜಿನ ಪೆಟ್ಟಿಗೆಗಳಲ್ಲಿ ಸಸಿಗಳು ಸಮುದ್ರಗಳನ್ನೇ ದಾಟಿದವು. ಚೀನಾದ ಚಹದ ಸಸಿಗಳು ಹಿಮಾಲಯದ ತಪ್ಪಲನ್ನು ಸೇರಿದುದು ಇಂತಹ ಪೆಟ್ಟಿಗೆಗಳಲ್ಲಿಯೇ.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ರೇಷ್ಮೆಹುಳುವನ್ನು ಸಾಕುವ ಮನೆಗೆ ಹೋಗಿ ನೋಡಿ. ಮೊದಲ ಎರಡು ಜ್ವರಗಳನ್ನು ದಾಟುವವರೆಗೆ ಚಾಕಿ ಹುಳುವನ್ನು ಮುಚ್ಚಿದ ಕೋಣೆಯಲ್ಲಿ ಕೂಸಿನಂತೆ ಕಾಯುತ್ತಾರೆ. ಅಲ್ಲಿ ಉಷ್ಣತೆ 27-28 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ನೂರಕ್ಕೆ 85ರ ಆಸುಪಾಸು ಇರಬೇಕು. ಹುಳು ಬಲಿತಂತೆಲ್ಲ ತೇವವನ್ನು ಇಳಿಸಿ ಗಾಳಿಯನ್ನು ಹೆಚ್ಚಿಸುತ್ತಾರೆ. ರೇಷ್ಮೆಸೀರೆಯಿಂದ ಹೆಸರಾದ ಮೊಳಕಾಲ್ಮುರಿನವರಿಗೆ ಗುಡಾರದ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಹುಳುವಿನ ಜಾಗದಲ್ಲಿ ಸಸಿಯನ್ನಿಟ್ಟುಕೊಂಡರೆ ಸಾಕು.

ಪೇಟೆಯಲ್ಲಿ ದೊರೆಯುವ ಗುಡಾರದ ರಚನೆ ಸರಳ. ಕಬ್ಬಿಣದ ಕೊಳವೆಗಳ ಚೌಕಟ್ಟು. ಹೊರಗೆ ಕಪ್ಪು, ಒಳಗೆ ಬೆಳ್ಳಿಯಂತೆ ಹೊಳೆಯುವ ಹೊದಿಕೆ. ಮೇಲೆ ಎಲ್‌ಇಡಿ ದೀಪ, ಗಾಳಿಯನ್ನು ಹೊರಗೆಳೆಯುವ ಸಣ್ಣದೊಂದು ಫ್ಯಾನು. ಒಳಹೊಳಪು ಚದುರಿದ ಬೆಳಕನ್ನು ಮತ್ತೆ ಎಲೆಗೆ ಮರಳಿಸುತ್ತದೆ. ದೀಪ ದೂರವಾದರೆ ಸಸಿ ಬೆಳಕನ್ನರಸಿ ಬಡಕಲಾಗಿ ಉದ್ದವಾಗುತ್ತದೆ. ಮದುವೆಯ ಅಂಕುರಾರ್ಪಣೆಯಲ್ಲಿ ಪಾಲಿಕೆಗಳಿಗೆ ಹಾಕಿದ ಧಾನ್ಯ ಕತ್ತಲೆಯಲ್ಲಿ ಹಳದಿಯಾಗಿ ನಿಮಿರುವುದನ್ನು ಕಂಡವರಿಗೆ ಈ ಲಕ್ಷಣ ಪರಿಚಿತವೇ. ಎಳೆಯ ಸಸಿಗೆ ತೇವಾಂಶ ನೂರಕ್ಕೆ 60-70 ಇದ್ದರೆ ಲೇಸು. ಗಾಳಿಯಾಡದೆ ತೇವ ಮಿತಿಮೀರಿದರೆ ಬೂಷ್ಟು ಹಿಡಿದು ಬುಡ ಕೊಳೆಯುತ್ತದೆ. ತೇವವಿರುವಲ್ಲಿ ವಿದ್ಯುತ್ತಿನ ತಂತಿಗಳು ನೆಲಕ್ಕೆ ತಾಕದಂತೆ ಮೇಲೆ ಕಟ್ಟುವುದನ್ನು ಮರೆಯಬಾರದು. ಕೊಳವೆಬಾವಿಯ ಗಡಸುನೀರು ಕುಂಡದಲ್ಲಿ ಬಿಳಿಯ ಉಪ್ಪಿನ ಪೊರೆಯನ್ನು ಉಳಿಸುವುದರಿಂದ, ಹಿಡಿದಿಟ್ಟ ಮಳೆನೀರು ಇದ್ದರೆ ಅದನ್ನು ಸಸಿಗೆ ಮೀಸಲಿಡುವುದು ಒಳ್ಳೆಯದು.

ನಮ್ಮ ಸೀಮೆಗೆ ತೊಡಕಾಗುವುದು ಸೆಕೆ. ಬೇಸಗೆಯಲ್ಲಿ ಹೊರಗಣ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವಾಗ ಗುಡಾರದೊಳಗೆ ದೀಪವೂ ಉರಿದರೆ ಸಸಿ ಬೆಂದೇ ಹೋದೀತು. ಇದಕ್ಕೊಂದು ಸೊಗಸಾದ ಪರಿಹಾರವುಂಟು. ಒಳಗಿನ ಗಿಡಕ್ಕೆ ಸೂರ್ಯನ ಹಂಗಿಲ್ಲ. ದೀಪ ಹೊತ್ತಿದಾಗ ಅದಕ್ಕೆ ಹಗಲು, ಆರಿದಾಗ ಇರುಳು. ಸಂಜೆ ಏಳಕ್ಕೆ ದೀಪ ಹಚ್ಚಿ ಬೆಳಗ್ಗೆ ಒಂಬತ್ತಕ್ಕೆ ಆರಿಸಿದರೆ 14 ಗಂಟೆಯ ಬೆಳಕು ದೊರೆಯಿತು. ಸೆಕೆಯ ಹೊತ್ತಿನಲ್ಲಿ ಗಿಡ ತನ್ನ ತಂಪು ಕತ್ತಲೆಯಲ್ಲಿ ಒರಗಿರುತ್ತದೆ. ಹಗಲಿರುಳುಗಳ ಅಳತೆಯನ್ನು ಸಸ್ಯಗಳು ಬಲ್ಲವೆಂಬುದನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆಯ ತೋಟಗಳಲ್ಲಿ ರಾತ್ರಿ ದೀಪಗಳನ್ನು ಉರಿಸುವುದು ಇದೇ ತಿಳಿವಿನಿಂದ. ಇರುಳು ಗಿಡ್ಡವಾಗದೆ ಉದ್ದವಾದರೆ ಮಾತ್ರ ಮೊಗ್ಗೊಡೆಯುವ ಆ ಗಿಡ, ದೀಪದ ಬೆಳಕಿನಲ್ಲಿ ಹೂವನ್ನು ತಡೆದಿಟ್ಟುಕೊಂಡು ಎತ್ತರಕ್ಕೆ ಬೆಳೆಯುತ್ತದೆ.

ಇನ್ನು ಲೆಕ್ಕದ ಮಾತು. ಎರಡಡಿ ಚದರದ ಗುಡಾರಕ್ಕೆ 100 ವ್ಯಾಟಿನ ದೀಪವೆಂದುಕೊಂಡರೆ, ದಿನಕ್ಕೆ 14 ಗಂಟೆಯಂತೆ ತಿಂಗಳಿಗೆ 42 ಯೂನಿಟ್ಟು ವಿದ್ಯುತ್ತು ಬೇಕು. ಮಾಳಿಗೆಯ ಮೇಲೆ ಸೌರಫಲಕವಿದೆಯಲ್ಲ ಎನ್ನುವವರೂ ಯೋಚಿಸಬೇಕು. ಫಲಕವು ಬಿಸಿಲಿನ ಐದನೆಯ ಒಂದು ಪಾಲನ್ನು ವಿದ್ಯುತ್ತಾಗಿ ಮಾಡಿದರೆ, ದೀಪ ಅದರಲ್ಲಿ ಸುಮಾರು ಅರ್ಧವನ್ನು ಬೆಳಕಾಗಿ ಹಿಂದಿರುಗಿಸೀತು. ಮಾಳಿಗೆಗೆ ಬಿದ್ದ ಬಿಸಿಲಿನಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಎಲೆಗೆ ಮುಟ್ಟುವ ಈ ಸುತ್ತುದಾರಿಯಲ್ಲಿ ಶೇಂಗಾ, ಈರುಳ್ಳಿ ಬೆಳೆದು ಯಾರೂ ಉದ್ಧಾರವಾಗಲಾರರು. ಅವುಗಳ ಜಾಗ ಹೊಲವೇ. ಅವನ್ನು ಬೆಳೆಯುವವನ ಕಷ್ಟಕ್ಕೆ ಗುಡಾರ ಉತ್ತರವೂ ಅಲ್ಲ.

ಹಾಗಾದರೆ ಇದರಿಂದ ಪ್ರಯೋಜನವಾರಿಗೆ? ಹಿತ್ತಲನ್ನು ಕಳೆದುಕೊಂಡ ಮನೆಗಳಿಗೆ. ಊರು ಬೆಳೆದಂತೆ ಗೋಡೆಗೆ ಗೋಡೆ ತಾಗಿತು, ಬಾವಿ ಬತ್ತಿತು, ಪಾತ್ರೆ ತೊಳೆದ ನೀರಿನಲ್ಲಿಯೇ ದಂಟು, ಕರಿಬೇವು ಬೆಳೆದ ಅಜ್ಜಿಯರ ವಿದ್ಯೆ ಒಂದು ತಲೆಮಾರಿನಲ್ಲಿ ಮರೆಯಾಗುತ್ತಿದೆ. ಹಿಡಿ ಸೊಪ್ಪನ್ನೂ ಬಿತ್ತಿ ಕಾಣದ ಮಕ್ಕಳಿಗೆ ನೀರಿನ ಬೆಲೆಯನ್ನು ಪುಸ್ತಕದಿಂದ ಕಲಿಸುವುದು ಕಷ್ಟ. ಒಂದು ಚೊಂಬು ನೀರನ್ನು ಮೂರು ಕುಂಡಗಳಿಗೆ ಹಂಚಿ, ಮರುದಿನ ಮಣ್ಣಿಗೆ ಬೆರಳಿಟ್ಟು ನೋಡುವ ಮಗುವಿಗೆ ಆ ಪಾಠ ತಾನಾಗಿ ಬರುತ್ತದೆ. ಕೊತ್ತಂಬರಿ, ಮೆಂತ್ಯ, ಪುದೀನಗಳಿಗೆ ಗುಡಾರ ಸಾಕು. ಟೊಮೆಟೊ, ಬದನೆ, ಮೆಣಸಿನ ಸಸಿಗಳಿಗೆ ಅದು ತೊಟ್ಟಿಲಾಗಬೇಕೇ ಹೊರತು ಕಾಯಂ ಮನೆಯಾಗಬಾರದು.

ತೊಟ್ಟಿಲಿನಿಂದ ಇಳಿಸುವುದಕ್ಕೂ ಒಂದು ಕ್ರಮವಿದೆ. ಒಳಗಿರುವಾಗಲೇ ಫ್ಯಾನಿನ ಗಾಳಿಗೆ ಮೆಲ್ಲನೆ ಬಾಗಿ ಎದ್ದ ಸಸಿಯ ಕಾಂಡ ಗಟ್ಟಿಯಾಗುತ್ತದೆ. ಮಳೆ ಬಿದ್ದು ನೆಲ ತಣಿದ ಮೇಲೆ ಅದನ್ನು ಮೊದಲ ದಿನ ಒಂದು ಗಂಟೆ ಜಗಲಿಯ ನೆರಳಿನಲ್ಲಿ, ಮರುದಿನ ಎರಡು ಗಂಟೆ, ಆಮೇಲೆ ಬೆಳಗಿನ ಎಳೆಬಿಸಿಲಿನಲ್ಲಿ ಇಡಬೇಕು. ಹೀಗೆ ಏಳೆಂಟು ದಿನ ಕಳೆದರೆ ಎಲೆಯ ಹೊರಪೊರೆ ಬಲಿಯುತ್ತದೆ. ಅಲ್ಲಿಂದಾಚೆಗೆ ಚಳ್ಳಕೆರೆಯ ಗಾಳಿಯೂ ಬಿಸಿಲೂ ಅದಕ್ಕೆ ಪರಕೀಯವಲ್ಲ.