ಅಮ್ಮನ ವ್ಯಾಯಾಮ, ನಿಮ್ಮ ಪಾಲು

ಬೆಳಿಗ್ಗೆ ಆರಕ್ಕೆ ಅಮ್ಮ ಚಪ್ಪಲಿ ಮೆಟ್ಟಿ ಪಾರ್ಕಿಗೆ ಹೊರಡುವಾಗ ನೀವಿನ್ನೂ ಮುಸುಕು ಹೊದ್ದು ಮಲಗಿರುತ್ತೀರಿ. ಮೂರು ತಿಂಗಳು ನಡೆದರೂ ತೂಕ ಇಳಿಯದೆ, "ಇನ್ನು ನನ್ನಿಂದಾಗದು ಮಗಾ" ಎಂದು ಅವರು ಕೈಚೆಲ್ಲಿದಾಗ ನಕ್ಕದ್ದುಂಟೆ?

ತಪ್ಪು ಅವರದಲ್ಲ. ನಮ್ಮ ದೇಶದಲ್ಲಿ ಹೆಚ್ಚಿನವರಿಗೆ 45ರಿಂದ 50ರೊಳಗೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜೆನ್ ಇಳಿದು, ತೊಡೆ-ಸೊಂಟಕ್ಕೆ ಸೇರುತ್ತಿದ್ದ ಕೊಬ್ಬು ಹೊಟ್ಟೆಗೆ ಸೇರತೊಡಗುತ್ತದೆ. ಮೂಳೆ ಸವೆಯುತ್ತದೆ, ವಯಸ್ಸಿನೊಡನೆ ಸ್ನಾಯುವೂ ಕರಗುತ್ತದೆ.

ಹಾಗಾದರೆ ಯಾವ ವ್ಯಾಯಾಮ ಒಳ್ಳೆಯದು? ಅಮೆರಿಕದ ಸಿಯಾಟಲ್‌ನಲ್ಲಿ, ಮುಟ್ಟು ನಿಂತ, ತೂಕ ಹೆಚ್ಚಿದ್ದ 439 ಮಹಿಳೆಯರ ಮೇಲೆ ಒಂದು ವರ್ಷ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಐದು ದಿನ 45 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮವನ್ನಷ್ಟೇ ಮಾಡುವ ಗುಂಪಿನವರ ತೂಕ ಇಳಿದದ್ದು ಶೇ. 2.4. ಆಹಾರವನ್ನಷ್ಟೇ ತಗ್ಗಿಸಿದವರದು ಶೇ. 8.5, ಎರಡನ್ನೂ ಮಾಡಿದವರದು ಶೇ. 10.8. ಎಪ್ಪತ್ತು ಕಿಲೋ ತೂಗುವ ಅಮ್ಮನಿಗೆ ಬರಿಯ ವ್ಯಾಯಾಮದಿಂದ ವರ್ಷಕ್ಕೆ ಎರಡು ಕಿಲೋ ಕೂಡ ಇಳಿಯದು ಎಂದಾಯಿತು! (ಸಂಘದ ಊಟದಲ್ಲಿ ಬಿಸಿಬೇಳೆಬಾತನ್ನು ಎರಡನೇ ಸಲ ಹಾಕಿಸಿಕೊಳ್ಳುವ ನನಗೂ ಇದು ನುಂಗಲಾರದ ತುತ್ತು.)

ಹಾಗೆಂದು ನಡಿಗೆ ಬಿಡಿಸಬೇಡಿ. ಹೃದಯಕ್ಕೆ, ಸಕ್ಕರೆ ಕಾಯಿಲೆಯ ಹತೋಟಿಗೆ ಅದು ಬೇಕೇ ಬೇಕು. ಈಜು ಮಂಡಿನೋವಿನವರಿಗೆ ಹಿತ, ಆದರೆ ಮೂಳೆಗೆ ಅಷ್ಟು ಬಲ ಕೊಡದು. ಯೋಗಾಸನದಿಂದ ಮೈ ಸಡಿಲಾಗುತ್ತದೆ, ಸಮತೋಲ ಬರುತ್ತದೆ; ತೂಕದ ಮಟ್ಟಿಗೆ ಅದನ್ನೊಂದನ್ನೇ ನೆಚ್ಚುವಂತಿಲ್ಲ.

ನಮ್ಮ ಮನೆಗಳಲ್ಲಿ ಯಾರೂ ಮಾಡದಿರುವುದು ಭಾರ ಎತ್ತುವ ವ್ಯಾಯಾಮ. "ಇದೇನು, ಪೈಲ್ವಾನ್ ಆಗಬೇಕೇ?" ಎಂದು ಅಮ್ಮ ಗದರಬಹುದು. ಊಟ ಕಡಿಮೆ ಮಾಡಿದಾಗ ಕೊಬ್ಬಿನೊಡನೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸುವುದು ಇದೇ. ತೂಕ ಅಲ್ಲಾಡದಿದ್ದರೂ ಲಂಗದ ಲಾಡಿ ಸಡಿಲವಾದೀತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಬೇಕು.

ಜಿಮ್ಮಿನ ಖರ್ಚಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತುವುದು ಸಾಕು. ರಕ್ತದೊತ್ತಡ, ಮಂಡಿನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಈ ಭಾನುವಾರ ಎರಡು ಕುರ್ಚಿ ಹಾಕಿ. ಒಂದು ಅಮ್ಮನಿಗೆ, ಇನ್ನೊಂದು ನಿಮಗೆ.