ದೊಡ್ಡ ಒಲೆಯ ಸಣ್ಣ ಉರಿ

2013ರ ಫೆಬ್ರವರಿ 15ರ ಸಂಜೆ ನಾರ್ವೆಯ ಸರ್ಕಾರಿ ಟಿ.ವಿ. ವಾಹಿನಿ ಎನ್‌ಆರ್‌ಕೆ ಹನ್ನೆರಡು ಗಂಟೆ ಸೌದೆಯದೇ ಕಾರ್ಯಕ್ರಮ ತೋರಿಸಿತು. ಮೊದಲ ಕೆಲವು ಗಂಟೆ ಸೌದೆ ಕಡಿಯುವುದು, ಸೀಳುವುದು, ಒಟ್ಟುವುದರ ಮಾತುಕತೆ. ಉಳಿದ ರಾತ್ರಿಯೆಲ್ಲ ಬರೀ ಉರಿಯುವ ಬೆಂಕಿ. ಜನ ನೋಡಿದ್ದಷ್ಟೇ ಅಲ್ಲ, ದೂರನ್ನೂ ಕೊಟ್ಟರು. ಒಟ್ಟುವಾಗ ಸೀಳಿನ ತೊಗಟೆ ಮೇಲ್ಮುಖವಾಗಿರಬೇಕು ಎಂದು ಕೆಲವರು, ಕೆಳಮುಖವಾಗಿರಬೇಕು ಎಂದು ಕೆಲವರು. ಸೌದೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿನ ಜನರ ನಾಡಿನಲ್ಲೂ ಒಲೆ ಕೊಳ್ಳಲು ಅಂಗಡಿಗೆ ಹೋದವರ ಕಣ್ಣು ದೊಡ್ಡ ಒಲೆಯ ಮೇಲೆ ಬೀಳುವುದು ಸಹಜವೇ. ಚಳಿ ಜೋರಾದಾಗ ಜೋರಾಗಿ ಉರಿಸೋಣ, ಇಲ್ಲದಾಗ ಗಾಳಿಕಿಂಡಿ ಮುಚ್ಚಿ ಸಣ್ಣಗೆ ಮಾಡೋಣ ಎಂಬ ಲೆಕ್ಕ. ಗ್ಯಾಸ್ ಒಲೆಯ ತಿರುಪನ್ನು ಸಿಮ್‌ಗೆ ತಂದ ಹಾಗೆ ಎಂಬ ನಂಬಿಕೆ. ಸೌದೆಯ ಮಟ್ಟಿಗೆ ಈ ನಂಬಿಕೆಗೆ ಬುಡವೇ ಇಲ್ಲ.

ಮನೆಗೆ ಎಷ್ಟು ಶಾಖ ಬೇಕು ಎಂಬುದರಿಂದಲೇ ಶುರು ಮಾಡೋಣ. ಒಳಗೆ 20 ಡಿಗ್ರಿ ಇರಬೇಕಾದರೆ ಗೋಡೆ, ಕಿಟಕಿ, ಮಾಡು, ಬಿರುಕುಗಳಿಂದ ಹೊರಗೆ ಸೋರುವಷ್ಟೇ ಶಾಖವನ್ನು ಒಲೆ ತುಂಬಿಕೊಡಬೇಕು. ಸೋರಿಕೆ ಒಳಹೊರಗಿನ ತಾಪದ ಅಂತರಕ್ಕೆ ತಕ್ಕಂತೆ ಏರಿಳಿಯುತ್ತದೆ. ಉದಾಹರಣೆಗೆ, ಹಳೆಯ ಮರದ ಮನೆಯೊಂದು ಒಂದೊಂದು ಡಿಗ್ರಿ ಅಂತರಕ್ಕೂ 200 ವ್ಯಾಟ್ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಹೊರಗೆ ಮೈನಸ್ 20 ಇರುವ ರಾತ್ರಿ ಅದಕ್ಕೆ 8 ಕಿಲೊವ್ಯಾಟ್ ಬೇಕು. ಓಸ್ಲೋ ಕಡೆಯ ಮಾಮೂಲಿ ಜನವರಿ ದಿನ, ಅಂದರೆ ಮೈನಸ್ 4ರ ಆಸುಪಾಸಿನಲ್ಲಿ, 4.8 ಸಾಕು. ಅಕ್ಟೋಬರಿನಲ್ಲಿ ಹೊರಗೆ 8 ಡಿಗ್ರಿ ಇದ್ದರೆ 2.4. ಅದೇ ಗಾತ್ರದ, ಆದರೆ ಗೋಡೆಯಲ್ಲಿ ದಪ್ಪ ಉಣ್ಣೆಹಾಸು ತುಂಬಿ ಮೂರು ಪದರದ ಗಾಜು ಹಾಕಿದ ಹೊಸ ಮನೆಯ ಸೋರಿಕೆ 70 ವ್ಯಾಟಿಗೆ ಇಳಿದಿದ್ದರೆ ಜನವರಿಯಲ್ಲೂ 1.7 ಕಿಲೊವ್ಯಾಟ್ ಸಾಕಾಗುತ್ತದೆ. ಅದರಲ್ಲೂ ಒಂದಿಷ್ಟನ್ನು ಮನೆಮಂದಿಯ ಮೈಯೇ ಕೊಡುತ್ತದೆ, ಸುಮ್ಮನೆ ಕೂತ ಮನುಷ್ಯ ಹೆಚ್ಚುಕಡಿಮೆ 100 ವ್ಯಾಟಿನ ಹೀಟರು. ಅಮೆರಿಕದ ಅಂಗಡಿಗಳಲ್ಲಿ ‘ಇಷ್ಟು ಚದರಡಿ ಮನೆಗೆ ಈ ಒಲೆ’ ಎಂದು ಬರೆದಿರುತ್ತಾರಲ್ಲ, ಆ ಚೀಟಿಯನ್ನು ನಾನಂತೂ ನಂಬುವುದಿಲ್ಲ. ಚದರಡಿ ಒಂದೇ ಆಗಿದ್ದು ಬೇಡಿಕೆ ಮೂರು ಪಟ್ಟು ಬೇರೆಯಾಗಬಹುದು ಎಂಬುದನ್ನು ಈಗಷ್ಟೇ ನೋಡಿದೆವು.

ಇನ್ನು ಸೌದೆಯ ಕಡೆಯ ಲೆಕ್ಕ. ಚೆನ್ನಾಗಿ ಒಣಗಿ, ತೂಕದಲ್ಲಿ ಐದನೇ ಒಂದು ಪಾಲು ಮಾತ್ರ ನೀರು ಉಳಿದಿರುವ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಕ್ತಿ ಇರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಬರ್ಚ್ ಆಗಲಿ ಸ್ಪ್ರೂಸ್ ಆಗಲಿ ಕಿಲೋ ಲೆಕ್ಕದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಬರ್ಚ್ ಮರ ಗಟ್ಟಿ, ಹಾಗಾಗಿ ಒಂದು ಚೀಲದಲ್ಲಿ ಹೆಚ್ಚು ಕಿಲೋ ಹಿಡಿಯುತ್ತದೆ, ಅಷ್ಟೇ. ನಾರ್ವೆಯಲ್ಲಿ ಸೌದೆಯನ್ನು ತೂಕಕ್ಕಲ್ಲ, 40 ಲೀಟರು, 60 ಲೀಟರಿನ ಚೀಲದ ಲೆಕ್ಕಕ್ಕೆ ಮಾರುವುದರಿಂದ ಅಲ್ಲಿ ಬರ್ಚಿಗೆ ಬೆಲೆ. ಒಳ್ಳೆಯ ಒಲೆ ಈ ನಾಲ್ಕು ಯೂನಿಟ್ಟಿನಲ್ಲಿ ಮೂರನ್ನು ಕೋಣೆಗೆ ಕೊಡುತ್ತದೆ. ಅಲ್ಲಿಗೆ 5 ಕಿಲೊವ್ಯಾಟ್ ಎಂದು ಬರೆದ ಒಲೆ ಗಂಟೆಗೆ 1.7 ಕಿಲೋ ಸೌದೆ ತಿನ್ನಬೇಕು. 5 ಎಂಬ ಆ ಸಂಖ್ಯೆ ಬಂದಿರುವುದೇ ಪ್ರಯೋಗಾಲಯದಲ್ಲಿ ಒಣಸೌದೆಯನ್ನು ತೂಗಿ ತೂಗಿ ಹಾಕಿ, ಹುರುಪಿನಿಂದ ಉರಿಸಿ ಅಳೆದ ಸರಾಸರಿಯಿಂದ. ನಮ್ಮ ಹೊಸ ಮನೆಗೆ ಬೇಕಿರುವುದು ಗಂಟೆಗೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಅರ್ಧ ಕಿಲೋ ಹಾಕಿ ನಿಧಾನವಾಗಿ ಉರಿಸಿದರಾಯಿತಲ್ಲ?

ತೊಡಕಿರುವುದು ಇಲ್ಲೇ. ಸೌದೆ ನೇರವಾಗಿ ಉರಿಯುವುದಿಲ್ಲ. ಕಾಯ್ದಾಗ ಮೊದಲು ನೀರು ಆವಿಯಾಗುತ್ತದೆ. 200–300 ಡಿಗ್ರಿ ದಾಟುತ್ತಿದ್ದಂತೆ ಮರ ಒಡೆದು ಅನಿಲಗಳೂ ಟಾರಿನ ಹಬೆಯೂ ಹೊರಬರುತ್ತವೆ. ಜ್ವಾಲೆ ಎಂದು ನಾವು ನೋಡುವುದು ಈ ಅನಿಲ ಉರಿಯುವುದನ್ನು. ಸೌದೆಯ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಪಾಲು ಇದರಲ್ಲೇ ಇದೆ, ಉಳಿದದ್ದು ಕೊನೆಯಲ್ಲಿ ಕೆಂಡವಾಗುವ ಇದ್ದಿಲಿನಲ್ಲಿ. ಗಮನಿಸಬೇಕಾದ್ದು ಏನೆಂದರೆ, ಮರದಿಂದ ಅನಿಲ ಹೊರಡಲು ಗಾಳಿ ಬೇಡ, ಶಾಖವಿದ್ದರೆ ಸಾಕು. ಇದ್ದಿಲು ಸುಡುವವರು ಮಣ್ಣು ಮುಚ್ಚಿ ಮಾಡುವುದು ಇದನ್ನೇ. ಆದರೆ ಹೊರಟ ಅನಿಲ ಪೂರ್ತಿ ಉರಿಯಲು ಗಾಳಿಯೂ ಬೇಕು, 600 ಡಿಗ್ರಿಗೂ ಮೇಲಿನ ಕಾವೂ ಬೇಕು. ಗಾಳಿಕಿಂಡಿ ಮುಚ್ಚಿದಾಗ ಎರಡನೆಯ ಕೆಲಸ ನಿಲ್ಲುತ್ತದೆ, ಮೊದಲನೆಯದು ನಡೆಯುತ್ತಲೇ ಇರುತ್ತದೆ. ಒಲೆಯೊಳಗೆ ಅನಿಲ ತಯಾರಾಗುತ್ತದೆ, ಉರಿಯದೆ ಚಿಮಣಿ ಹತ್ತುತ್ತದೆ. ಹಸಿ ಸೌದೆಯ ಕೇಡೂ ಇದೇ. ನೀರನ್ನು ಆವಿ ಮಾಡಲು ಶಾಖ ದಂಡವಾಗುತ್ತದೆ ನಿಜ. ಅದಕ್ಕಿಂತ ದೊಡ್ಡ ಹಾನಿಯೆಂದರೆ ಆ ಆವಿ ಒಲೆಯ ಕಾವನ್ನೇ ಇಳಿಸಿ ಅನಿಲ ಉರಿಯದಂತೆ ಮಾಡುವುದು. ಬಚ್ಚಲೊಲೆಗೆ ಮಳೆಗಾಲದಲ್ಲಿ ನೆನೆದ ಸೌದೆ ಒಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಿಮಣಿ ಹತ್ತಿದ ಹೊಗೆ ಮೇಲಿನ ತಣ್ಣನೆಯ ಗೋಡೆಗೆ ತಾಗಿ ಅಂಟುತ್ತದೆ. ಕ್ರಿಯೊಸೋಟ್ ಎಂಬ ಈ ಕಪ್ಪು ಜಿಡ್ಡು ಪದರಪದರವಾಗಿ ಬೆಳೆದು, ಒಂದು ದಿನ ಜೋರು ಉರಿ ಮಾಡಿದಾಗ ಹೊತ್ತಿಕೊಳ್ಳಬಹುದು. ಆಗ ಚಿಮಣಿಯೊಳಗಿನ ತಾಪ 1000 ಡಿಗ್ರಿ ಮೀರಬಹುದು. ಮಾಡಿನ ಮರಕ್ಕೆ ಬೆಂಕಿ ತಗುಲುವುದು ಹೀಗೆ. ಜಿಡ್ಡಾಗದೆ ಹೊರಹೋದ ಹೊಗೆ ಊರಿನ ಗಾಳಿ ಸೇರುತ್ತದೆ. ಓಸ್ಲೋದಲ್ಲಿ ಚಳಿಗಾಲದ ಸೂಕ್ಷ್ಮ ಕಣಗಳ ದೊಡ್ಡ ಮೂಲಗಳಲ್ಲಿ ಸೌದೆ ಒಲೆಯೂ ಒಂದು. ಹೊಸದಾಗಿ ಮಾರುವ ಒಲೆಗಳ ಹೊಗೆಗೆ ನಾರ್ವೆ 1998ರಲ್ಲಿ ಮಿತಿ ಹಾಕಿತು. ಅಲ್ಲಿನ ಪರೀಕ್ಷೆಯಲ್ಲಿ ಒಲೆಯನ್ನು ಸಣ್ಣ ಉರಿಯಲ್ಲೂ ಅಳೆಯುತ್ತಿದ್ದರು ಎಂಬುದು ಜನರ ಅಭ್ಯಾಸ ಬಲ್ಲವರು ಮಾಡಿದ ನಿಯಮದ ಗುರುತು.

ಹೊಸ ಒಲೆಗಳಲ್ಲಿ ಮೇಲ್ಭಾಗದ ಸಣ್ಣ ರಂಧ್ರಗಳಿಂದ ಕಾದ ಗಾಳಿಯನ್ನು ಎರಡನೇ ಬಾರಿ ಊದಿ ಈ ಅನಿಲವನ್ನು ಅಲ್ಲಿಯೇ ಉರಿಸುತ್ತಾರೆ. ಅದು ನಡೆಯಬೇಕಾದರೆ ಒಲೆಯ ಗೂಡು ಚೆನ್ನಾಗಿ ಕಾದಿರಬೇಕು. ಮೂರು ಕಿಲೋ ಹಿಡಿಯುವ ಗೂಡಿನಲ್ಲಿ ಅರ್ಧ ಕಿಲೋ ಇಟ್ಟರೆ ಗೋಡೆಗಳು ಕಾಯುವುದೇ ಇಲ್ಲ. ಒಂಟಿ ಕೊಳ್ಳಿ ನಂದುವುದೂ ಅದಕ್ಕೇ: ಅದು ಸುತ್ತಲೂ ಶಾಖ ಬೀರುತ್ತದೆ, ಮರಳಿ ಬೀರುವವರು ಎದುರಿಗಿಲ್ಲ. ಎರಡು ಮೂರು ಕೊಳ್ಳಿಗಳು ಹತ್ತಿರ ಹತ್ತಿರ ಇದ್ದಾಗ ಒಂದನ್ನೊಂದು ಕಾಯಿಸಿಕೊಂಡು ಉರಿಯುತ್ತವೆ. ಸೌದೆಯ ಬೆಂಕಿಗೆ ಇದಕ್ಕಿಂತ ಚಿಕ್ಕದಾಗಲು ಬರುವುದಿಲ್ಲ. ಹಾಗಾಗಿ ಬೆಂಕಿಯನ್ನು ತಗ್ಗಿಸುವ ಬದಲು ಗೂಡನ್ನೇ ಚಿಕ್ಕದು ಕೊಳ್ಳಬೇಕು. ಮಾಮೂಲಿ ಚಳಿಗೆ ಹೊಂದುವ ಒಲೆ ಕೊಂಡು, ಮೈನಸ್ 20ರ ಆ ಬೆರಳೆಣಿಕೆಯ ರಾತ್ರಿಗಳಿಗೆ ವಿದ್ಯುತ್ ಹೀಟರಿನ ನೆರವು ಪಡೆಯುವುದು ಜಾಣತನ. ಜಲವಿದ್ಯುತ್ತಿನ ನಾರ್ವೆಯಲ್ಲಿ ಹೇಗೂ ಹೆಚ್ಚಿನ ಮನೆಗಳಲ್ಲಿ ಹೀಟರು ಇದ್ದೇ ಇರುತ್ತದೆ.

ಸೌದೆಯ ಬೆಂಕಿಯನ್ನು ತಗ್ಗಿಸಲಾಗದು ಎಂಬ ಮಾತಿಗೆ ಒಂದು ಅಪವಾದವಿದೆ. ಉತ್ತರ ಅಮೆರಿಕದಲ್ಲಿ ಬಳಕೆಯಲ್ಲಿರುವ ಕೆಲವು ಒಲೆಗಳಲ್ಲಿ ಪ್ಲಾಟಿನಮ್ ಅಥವಾ ಪಲ್ಲೇಡಿಯಮ್ ಲೇಪಿಸಿದ ಜಾಲರಿಯಂಥ ಬಿಲ್ಲೆ ಇರುತ್ತದೆ. ಕಾರಿನ ಹೊಗೆಕೊಳವೆಯಲ್ಲಿರುವ ವೇಗವರ್ಧಕದ ಜಾತಿಯೇ. ಅದರ ಮೇಲೆ ಹಾಯುವ ಹೊಗೆ 260 ಡಿಗ್ರಿಯ ಸುಮಾರಿಗೇ ಉರಿಯುವುದರಿಂದ ದೊಡ್ಡ ಗೂಡು ತುಂಬಿ ರಾತ್ರಿಯಿಡೀ ಸಣ್ಣಗೆ ನಡೆಸಬಹುದು. ಆದರೆ ಬಿಲ್ಲೆ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಬದಲಿಸಬೇಕು. ಹಸಿ ಸೌದೆ, ಬಣ್ಣ ಬಳಿದ ಹಲಗೆ, ಕಸ ಹಾಕಿದರೆ ಇನ್ನೂ ಬೇಗ ಕೆಡುತ್ತದೆ.

ಹೊತ್ತುಹೊತ್ತಿಗೂ ಒಂದೇ ಹದದ ಬಿಸುಪು ಬೇಕೆನ್ನುವವರಿಗೆ ಹಳೆಯ ದಾರಿಯೇ ಒಳ್ಳೆಯದೆಂದು ನನ್ನ ಎಣಿಕೆ. ಕಾಡು ಕರಗುತ್ತಿದ್ದ ಕಾಲದಲ್ಲಿ, 1767ರಲ್ಲಿ, ಸ್ವೀಡನ್ನಿನ ಕಾರ್ಲ್ ಯೂಹಾನ್ ಕ್ರೋನ್‌ಸ್ಟೆಡ್ ಮತ್ತು ಫಾಬಿಯಾನ್ ವ್ರೇದೆ ಒಂದು ಹೆಂಚಿನ ಒಲೆ ರೂಪಿಸಿದರು. ಹೊಗೆ ನೆಟ್ಟಗೆ ಚಿಮಣಿಗೆ ಹೋಗದೆ ಇಟ್ಟಿಗೆಯ ದಾರಿಗಳಲ್ಲಿ ಮೇಲೆ ಕೆಳಗೆ ಸುತ್ತಿ, ಶಾಖವನ್ನು ಅಲ್ಲೇ ಬಿಟ್ಟು ಹೊರಡುತ್ತದೆ. ಬೆಂಕಿ ಒಂದೆರಡು ಗಂಟೆ ಭರ್ಜರಿಯಾಗಿ, ಸ್ವಚ್ಛವಾಗಿ ಉರಿದು ಆರುತ್ತದೆ. ಆಮೇಲೆ ಕೋಣೆ ಕಾಯಿಸುವ ಕೆಲಸ ಇಟ್ಟಿಗೆಯದು. ಫಿನ್ಲೆಂಡ್, ನಾರ್ವೆಗಳಲ್ಲಿ ಈ ಕೆಲಸಕ್ಕೆ ಬಳಪದ ಕಲ್ಲನ್ನು ಬಳಸುತ್ತಾರೆ. ಬೇಲೂರು, ಹಳೇಬೀಡುಗಳಲ್ಲಿ ಹೊಯ್ಸಳರ ಶಿಲ್ಪಿಗಳ ಉಳಿಗೆ ಒದಗಿದ್ದು ಈ ಜಾತಿಯ ಕಲ್ಲೇ. ನಾರ್ವೆಯ ಟ್ರಾನ್‌ಹೈಮಿನ ನಿಡರೋಸ್ ಮಹಾಚರ್ಚಿನ ಕೆತ್ತನೆಗೂ ಅದೇ. ಒಂದು ಟನ್ ಕಲ್ಲನ್ನು 50 ಡಿಗ್ರಿ ಏರಿಸಿದರೆ ಅದರಲ್ಲಿ ಸುಮಾರು 14 ಯೂನಿಟ್ ಶಾಖ ಕೂರುತ್ತದೆ. ನಾಲ್ಕೂವರೆ ಕಿಲೋ ಒಣಸೌದೆ ಅಷ್ಟಕ್ಕೆ ಸಾಕು. ಅದು ಹನ್ನೆರಡು ಗಂಟೆಯಲ್ಲಿ ನಿಧಾನವಾಗಿ ಹೊರಬಂದರೆ ಸರಾಸರಿ 1.2 ಕಿಲೊವ್ಯಾಟ್. ಮೇಲೆ ಲೆಕ್ಕ ಹಾಕಿದ ಹೊಸ ಮನೆಯ ಬೇಡಿಕೆಯ ಬಹುಪಾಲು ಇದರಲ್ಲೇ ತೀರಿತು, ಒಲೆ ಒಂದೇ ಒಂದು ಸಲವೂ ಹೊಗೆಯಾಡದೆ.

ವಾರಾಂತ್ಯಕ್ಕೆ ಹೋಗಿ ತಂಗುವ ಬೆಟ್ಟದ ಗುಡಿಸಲಿಗೆ ಮಾತ್ರ ಇದು ಒಗ್ಗದು. ಕೊರೆಯುವ ಮನೆಗೆ ಸಂಜೆ ಬಂದಿಳಿದವರಿಗೆ ಟನ್ನುಗಟ್ಟಲೆ ಕಲ್ಲು ಕಾಯುವವರೆಗೆ ತಾಳ್ಮೆ ಇರುವುದಿಲ್ಲ, ಅಲ್ಲಿಗೆ ಬೇಗ ಕಾದು ಬೇಗ ಆರುವ ಎರಕದ ಕಬ್ಬಿಣದ ಒಲೆಯೇ ಸರಿ. ಕಲ್ಲೊಲೆಯ ಭಾರ ಹೊರುವ ನೆಲವೂ ಬೇಕು. ಬಿಗಿಯಾಗಿ ಕಟ್ಟಿದ ಹೊಸ ಮನೆಗಳಲ್ಲಿ ಇನ್ನೊಂದು ಪೇಚು. ಅಡುಗೆಮನೆಯ ಫ್ಯಾನು ಹಾಕಿದೊಡನೆ ಅದು ಚಿಮಣಿಯಿಂದಲೇ ಗಾಳಿ ಎಳೆದು ಹೊಗೆಯನ್ನು ಕೋಣೆಗೆ ತರಬಹುದು. ಒಲೆಗೆ ಹೊರಗಿನಿಂದ ನೇರ ಗಾಳಿಕೊಳವೆ ಇರಲೇಬೇಕು.

ದೊಡ್ಡ ಒಲೆ ಆಗಲೇ ಮನೆಯಲ್ಲಿ ಕೂತುಬಿಟ್ಟಿದ್ದರೆ? ಅದರ ಬಾಗಿಲಿನ ಗಾಜು ದಿನವೂ ಕಪ್ಪಾಗುತ್ತಿದೆಯೇ ನೋಡಿ. ಆಗುತ್ತಿದ್ದರೆ ಗಾಳಿಕಿಂಡಿ ತೆರೆಯಿರಿ, ರಾತ್ರಿಯಿಡೀ ಹೊಗೆಯಾಡಿಸುವ ಅಭ್ಯಾಸ ಬಿಡಿ. ಸಣ್ಣಗೆ ಸೀಳಿದ ಒಣಸೌದೆಯನ್ನು ಸ್ವಲ್ಪವೇ ಒಟ್ಟಿ, ಪುರಲೆಯನ್ನು ಅಡಿಯಲ್ಲಲ್ಲ, ನೆತ್ತಿಯ ಮೇಲಿಟ್ಟು ಹೊತ್ತಿಸಿ. ನಾರ್ವೆಯಲ್ಲಿ ಈಗ ಎಲ್ಲೆಡೆ ಹೇಳಿಕೊಡುವುದು ಈ ಕ್ರಮವನ್ನೇ. ಕೆಳಗಿನ ಸೌದೆಯಿಂದ ಏಳುವ ಅನಿಲ ಮೇಲಿನ ಜ್ವಾಲೆಯನ್ನು ಹಾದೇ ಹೋಗಬೇಕಾದ್ದರಿಂದ ದಾರಿಯಲ್ಲೇ ಉರಿದುಹೋಗುತ್ತದೆ. ಕೋಣೆ ಬೆಚ್ಚಗಾದ ಮೇಲೆ ಹೊಸ ಸೌದೆ ಹಾಕದೆ ಬೆಂಕಿ ಆರಲು ಬಿಡಿ, ಚಳಿಯೆನಿಸಿದಾಗ ಮತ್ತೆ ಹೊತ್ತಿಸಿ.